ಗೋಡೆಗೆ ಹಚ್ಚಿದ ನಂಬರು

ಮಗ್ಗದ ಮೇಲೆ ಹಳೆಯ ಹಾಸು ಮುಗಿಯಲು ಬಂದಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುವುದು ನನ್ನ ಕೆಲಸ. ನಲವತ್ತೆರಡು ವರ್ಷವಾಯಿತು. ನಾನಿರುವುದು ತೆಲಂಗಾಣದ ಗಡಿಯ ನಾರಾಯಣಪೇಟೆ. ಮಕ್ತಲ್, ಗದ್ವಾಲದ ನೇಕಾರರು ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸುತ್ತಿದ್ದರು, ನಾನು ಹೋಗುತ್ತಿದ್ದೆ.

ಹೋದ ವರ್ಷ ವಿನಯ ಎಂಬ ಓದಿದವನು ಬಂದ. ಈ ಸೀಮೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಅವರ ಫೋನ್ ನಂಬರೇನು ಎಂದು ದೊಡ್ಡ ಹಾಳೆ ಅಚ್ಚು ಹಾಕಿಸಿ ಊರೂರಿನ ಅಂಗಡಿಗಳಿಗೆ ಹಚ್ಚುವವನಿದ್ದ. ನನ್ನ ಹತ್ತಿರ ಫೋನಿಲ್ಲ. ನೂಲಿನ ಅಂಗಡಿಯ ದೇವೇಂದ್ರಪ್ಪ ಅಲ್ಲೇ ನಿಂತಿದ್ದ.

"ನಂದು ಹಾಕ್ರಿ. ಬುಚ್ಚಮ್ಮ ನಮ್ಮ ಮನಿ ಹೆಣ್ಮಗಳಿದ್ದಂಗ," ಎಂದ.

ಅವನಿಗೆ ಕೈ ಮುಗಿದದ್ದು ನೆನೆದರೆ ಈಗ ಮೈ ಉರಿಯುತ್ತದೆ.

ಹಾಳೆ ಬಂದ ಮೇಲೆ ಕಂಡಕ್ಟರನ ಕೈಲಿ ಹೇಳುವುದು ನಿಂತಿತು. ದೇವೇಂದ್ರಪ್ಪನ ನೂಲು ಕೊಳ್ಳುವ ನಾಲ್ಕು ಮನೆ ಬಿಟ್ಟರೆ ಯಾರೂ ಕರೆಯಲಿಲ್ಲ. ಮಗ್ಗಗಳೇ ನಿಂತವೇನೋ ಎಂದುಕೊಂಡು ಆರು ತಿಂಗಳು ಸುಮ್ಮನೆ ಕುಳಿತೆ.

ಮೊನ್ನೆ ಮಕ್ತಲ್ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಗದ್ವಾಲದ ನೇಕಾರ ಶ್ರೀರಾಮುಲು ನನ್ನನ್ನು ಕಂಡು ಬೆಚ್ಚಿದ.

"ಅತ್ತೆ, ಒಬ್ಬಾಕಿನೇ ಬಂದೀಯೇನು? ಕಣ್ಣು ಹೋಗ್ಯಾವಂತಲ್ಲ?"

"ನಿನ್ನ ಬೋಳ ತಲಿ ಚಂದಂಗ ಕಾಣಾಕತ್ತೈತಿ. ಯಾರಂದ್ರು?"

ಅವನು ಗೋಡೆಗೆ ಹಚ್ಚಿದ್ದ ವಿನಯನ ಹಾಳೆ ನೋಡಿ, ನನ್ನ ಹೆಸರಿನ ಮುಂದಿದ್ದ ನಂಬರಿಗೆ ಫೋನ್ ಹಚ್ಚಿ, ನನಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಬುಚ್ಚಮ್ಮನ್ನ ಕಳಸ್ರಿ ಸಾವ್ಕಾರ್ರೆ."

"ಪಾಪ, ಆಕಿಗೆ ಕಣ್ಣು ಕಾಣಂಗಿಲ್ರಿ. ನೂಲು ನಮ್ಮಲ್ಲೇ ತಗೊಂಡ್ರ ಕೆಚ್ಚೋರ ವ್ಯವಸ್ಥಾ ನಾ ಮಾಡ್ತೀನಿ," ದೇವೇಂದ್ರಪ್ಪನದೇ ದನಿ.

"ಲೇ ದೇವೇಂದ್ರಾ," ಎಂದೆ. "ನಿಮ್ಮವ್ವ ಬಾಣಂತಿ ಇದ್ದಾಗ ನಿನ್ನ ತೊಟ್ಟಿಲ ತೂಗಿದಾಕಿ ನಾನು. ನನ್ನ ಕಣ್ಣು ಕಿತ್ತು ನೂಲು ಮಾರ್ತೀಯೇನೋ?"

ಫೋನ್ ಕಟ್ಟಾಯಿತು.

ಹಾಳೆಯ ಅಡಿಗಿದ್ದ ನಂಬರು ನೋಡಿ ಶ್ರೀರಾಮುಲು ವಿನಯನಿಗೆ ಫೋನ್ ಹಚ್ಚಿದ. "ಬರೋ ವರ್ಷದ ಹಾಳ್ಯಾಗ ತಿದ್ದೂಣ್ರಿ," ಎಂದನಂತೆ ಅವನು. ಅಲ್ಲಿಯತನಕ ನಾನು ಕುರುಡಿಯಾಗಿರಬೇಕು!

ಚಹಾದಂಗಡಿಯ ಒಡತಿ ಬಸವೇಶ್ವರಿಯ ಗಲ್ಲಾಪೆಟ್ಟಿಗೆಯ ಮೇಲಿದ್ದ ಪೆನ್ನು ಎತ್ತಿಕೊಂಡು ಆ ನಂಬರನ್ನು ಹಾಳೆ ಹರಿಯುವಂತೆ ಗೀಚಿದೆ.

"ಯವ್ವಾ, ಗ್ವಾಡಿನೂ ಕೆರದು ಹಾಕ್ತೀಯೇನು!" ಎಂದಳು ಬಸವೇಶ್ವರಿ. "ನನ್ನ ನಂಬರ್ ಬರಿ, ನಾ ಹೇಳಿ ಕಳಸ್ತೀನಿ."

"ಇನ್ನ ಯಾರ ನಂಬರೂ ಬ್ಯಾಡ."

ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಪೆನ್ನು ಶ್ರೀರಾಮುಲುವಿನ ಕೈಗಿಟ್ಟೆ.

"ನಮ್ಮ ಓಣಿ ಬರಿ, ಮನಿ ಗುರ್ತು ಬರಿ. ಕಣ್ಣು ಕಾಣ್ತಾವ ಅಂತ ದಪ್ಪಗ ಬರಿ. ಕನ್ನಡದಾಗೂ ಬರಿ, ತೆಲುಗಿನ್ಯಾಗೂ ಬರಿ."

ಅವನು ಬರೆದ. ನಾರಾಯಣಪೇಟೆಯ ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ. ಆ ಹಾಳೆ ಹಚ್ಚಿದ ಅಂಗಡಿಗಳು ಮಕ್ತಲ್‌ನಲ್ಲಿ ಇನ್ನೂ ಹನ್ನೊಂದು ಇದ್ದವು.