ವಾರ್ನಿಶ್ ಹೊಡೆದ ಹೆಂಗಸು

ಬೇಗೂರಿನ ನಮ್ಮ ಹಿತ್ತಿಲಲ್ಲಿ ಲಂಟಾನದ ಕಡ್ಡಿ ಹೆಣೆದು, ಸಗಣಿ ಮಣ್ಣು ಮೆತ್ತಿ, ಕೂತ ಹೆಂಗಸೊಬ್ಬಳನ್ನು ಮಾಡಿದ್ದೆ. ಅವಳ ಒಡಲ ತುಂಬ ಕೊಳೆತ ಚೆಂಡುಹೂ, ಅದರೊಳಗೆ ಹುಚ್ಚೆಳ್ಳು. ಮಳೆಗೆ ಅವಳು ಕರಗಬೇಕು, ಬೀಜ ಮೊಳೆಯಬೇಕು. ನಾನು ಮಾಡಹೊರಟ ಕಲೆಯೇ ಅದು.

ಸಂಜೆ ಶಾಲೆಯಲ್ಲಿ ಪಾಠ ಮುಗಿಸಿ ಬಂದರೆ ಅವಳು ಫಳಫಳ ಹೊಳೆಯುತ್ತಿದ್ದಳು. ಪಕ್ಕದಲ್ಲಿ ನನ್ನ ಗಂಡ ಗಿರೀಶ್, ಕೈಯಲ್ಲಿ ವಾರ್ನಿಶ್ ಡಬ್ಬ.

“ಎರಡು ಕೋಟ್ ಹೊಡ್ದಿವ್ನಿ. ಇನ್ನು ಹತ್ತು ವರ್ಷ ಏನೂ ಆಗಲ್ಲ ಕಣೆ.”

“ಏನಾದ್ರೂ ಆಗ್ಲಿ ಅಂತಲೇ ಮಾಡಿದ್ದು!”

“ಕೊಳೀಲಿ ಅಂತ ಯಾರಾರ ಬೊಂಬೆ ಮಾಡ್ತಾರ ಕಣಮ್ಮಿ? ಅದ್ಕೆ ತಿಪ್ಪೆ ಇಲ್ವಾ?” ಎಂದು ಅತ್ತೆ ಪುಟ್ಟಸಿದ್ದಮ್ಮ ಜಗಲಿಯಿಂದಲೇ ನಕ್ಕರು.

ಮೈ ಉರಿದುಹೋಯಿತು. ಈ ಮನೆಯಲ್ಲಿ ಹಾಲು, ಹಿಟ್ಟು, ಮರ್ಯಾದೆ ಎಲ್ಲವನ್ನೂ ಕೆಡದ ಹಾಗೆ ಕಾಯುವವಳು ನಾನು. ಕೆಡಲಿ ಎಂದು ಬಿಟ್ಟದ್ದು ಇದೊಂದನ್ನೇ. ಅದಕ್ಕೆ ಕೈ ಹಾಕುವಾಗಲೂ ನನ್ನನ್ನು ಕೇಳಲಿಲ್ಲ.

ಒಳಗಿನಿಂದ ಕುಡುಗೋಲು, ದೋಸೆಯ ಮೊಗಚೋಕೈ ಎರಡನ್ನೂ ತಂದು, ಕುಡುಗೋಲಿನಿಂದ ಅವಳ ಬೆನ್ನು ಕೆರೆಯತೊಡಗಿದೆ. ಹೊಳಪಿನ ಜೊತೆ ಮಣ್ಣೂ ಹೆಂಟೆಯಾಗಿ ಕಿತ್ತುಬಂತು.

“ಹಾಳಾಯ್ತದೆ, ಬುಡು!” ಎಂದು ಗಿರೀಶ್ ಕೂಗಿದರು.

“ಆಗ್ಲಿ. ಮಳೆ ಬರೋದ್ರೊಳಗೆ ಮುಖದ ಕಡೆ ನೀವು ಕೆರೀರಿ,” ಎಂದು ಡಬ್ಬ ಕಿತ್ತುಕೊಂಡು, ಅವರ ಕೈಗೆ ಮೊಗಚೋಕೈ ತುರುಕಿದೆ.