ಎಂಟು ವರ್ಷದ ಕಂಪ್ಯೂಟರು

ಕಂಪ್ಯೂಟರಿಗೆ ಆಯಸ್ಸೆಷ್ಟು ಅಂತ ಯಾರಾದರೂ ಕೇಳಿದರೆ ತರೀಕೆರೆಯ ಅಖೀಲ್ ಹಿಂದೆಮುಂದೆ ನೋಡದೆ "ಐದು ವರ್ಷ" ಅಂದುಬಿಡುತ್ತಿದ್ದ. ರಿಪೇರಿಯವನ ಬಾಯಿಂದ ಬಂದ ಮಾತು, ಜನ ನಂಬುತ್ತಿದ್ದರು. ಅಜ್ಜಂಪುರದಲ್ಲಿ ಅರ್ಜಿ ಟೈಪ್ ಮಾಡಿಕೊಡುವ ಅಂಗಡಿ ಇಟ್ಟಿದ್ದ ಪಂಚಾಕ್ಷರಪ್ಪನೂ ನಂಬಿದ.

ಆಷಾಢದಲ್ಲಿ ಅವನ ಎಂಟು ವರ್ಷದ ಕಂಪ್ಯೂಟರು ಆನ್ ಆಗದೆ ಬರೀ ಬೀಪ್ ಬೀಪ್ ಅಂತ ಬಡಕೊಳ್ಳತೊಡಗಿತು. ಮುಚ್ಚಳ ಬಿಚ್ಚಿದ ಕೂಡಲೇ ಅಖೀಲನಿಗೆ ಗೊತ್ತಾಯಿತು: ಒಳಗಿನ ರ‍್ಯಾಮ್ ಪಟ್ಟಿಗೆ ಕಿಲುಬು ಹಿಡಿದಿದೆ, ಮಕ್ಕಳ ರಬ್ಬರಿನಲ್ಲಿ ಉಜ್ಜಿ ಕೂರಿಸಿದರೆ ಸಾಕು. ಆದರೆ ಹೊಸದೊಂದು ಮಾರುವ ಆಸೆ. "ಇದರ ಆಯಸ್ಸು ಮುಗೀತು ಯಜಮಾನ್ರೇ," ಅಂದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಮಾತು ಗಟ್ಟಿಯಾಗಲಿ ಅಂತ, "ಯಾರೋ ಶಟ್‌ಡೌನ್ ಮಾಡ್ದೆ ಸ್ವಿಚ್ ಆರಿಸ್ತಾರೆ, ಅದಕ್ಕೇ ಸುಟ್ಟಿರೋದು," ಅಂತ ಬೇರೆ ಸೇರಿಸಿದ. ಪಕ್ಕದಲ್ಲೇ ಪಂಚಾಕ್ಷರಪ್ಪನ ಸೊಸೆ ಸುಮನಾ ನಿಂತಿದ್ದಳು, ಒಂದು ವರ್ಷದಿಂದ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದವಳು. ದಿನಾ ಸಂಜೆ ಅದನ್ನು ಆಫ್ ಮಾಡುತ್ತಿದ್ದವಳು ಅವಳೇ ಅಂತ ಈ ಮಹಾನುಭಾವನಿಗೇನು ಗೊತ್ತು!

ಅಂಗಡಿಗೆ ಹೊಸದು ಬಂತು. ಹಳೇದನ್ನು ಗುಜರಿಗೆ ಹಾಕ್ತೀನಿ ಅಂತ ತಂದ ಅಖೀಲ್, ಪಟ್ಟಿಯನ್ನು ರಬ್ಬರಿನಲ್ಲಿ ತಿಕ್ಕಿ ತಂಗಿ ರುಬೀನಾಗೆ ಕೊಟ್ಟ. ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತಿತ್ತು.

ಮೂರು ತಿಂಗಳಾದ ಮೇಲೆ ಅಖೀಲ್ ಅಂಗಡಿಯ ಪ್ರಿಂಟರ್ ನೋಡಲು ಹೋದರೆ, ಪಂಚಾಕ್ಷರಪ್ಪ ಒಂದೇ ಬೆರಳಲ್ಲಿ ಕುಟ್ಟುತ್ತಾ ಕೂತಿದ್ದ. ಬಾಗಿಲಾಚೆ ಜನ ಗೊಣಗುತ್ತಿದ್ದರು.

"ಸುಮನಾ ಬರ್ಲಿಲ್ವಾ?"

"ಬರಲ್ಲ ಕಣಪ್ಪ. ಏಳು ವರ್ಷ ನಾನು ಕಾಪಾಡಿದ್ದನ್ನ ಒಂದೇ ವರ್ಷಕ್ಕೆ ಸುಟ್ಟುಬಿಟ್ಯಲ್ಲ ಅಂತ ಅವತ್ತು ಬೈದ್ಬಿಟ್ಟೆ. ಆಮೇಲೆ ಅಂಗಡಿ ಮೆಟ್ಟಿಲೇ ಹತ್ತಿಲ್ಲ."

ಥೂ, ನನ್ನ ಬಾಯಿಗೆ ಮಣ್ಣು ಹಾಕ, ಅಂತ ಅಖೀಲ್ ತನ್ನನ್ನೇ ಶಪಿಸಿಕೊಂಡ. ಮುಚ್ಚಿಡೋಕಾಗಲಿಲ್ಲ. ಕಿಲುಬಿನ ಸಂಗತಿ, ರುಬೀನಾ ಸಂಗತಿ, ಎಲ್ಲಾ ಒದರಿಬಿಟ್ಟ.

ಮುದುಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎದ್ದು ಅಂಗಡಿಗೆ ಬೀಗ ಜಡಿದ. "ನನ್ನ ಹತ್ರ ಹೇಳಿ ಏನ್ ಬಂತು? ನಡಿ, ಅವಳ ಮುಂದೆ ಹೇಳು."

ಮನೆಯಲ್ಲಿ ಸುಮನಾ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಖೀಲ್ ತಲೆ ತಗ್ಗಿಸಿ, "ತಪ್ಪು ನಿಂದಲ್ಲ ಕಣಮ್ಮ, ಅವತ್ತು ನಾನೇ ಸುಳ್ಳು ಹೇಳಿದ್ದು," ಅಂದ.

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ನಿಮಗೆ ವ್ಯಾಪಾರ ಆಗ್ಬೇಕಿತ್ತು, ಹೇಳಿದ್ರಿ ಅಖೀಲಣ್ಣ." ಆಮೇಲೆ ಮಾವನ ಕಡೆ ತಿರುಗಿದಳು. "ನೀವು ಮಾತ್ರ, ನಿಜಾನಾ ಅಂತ ನನ್ನ ಒಂದ್ಮಾತೂ ಕೇಳ್ಲಿಲ್ಲ ಮಾವ."

ಪಂಚಾಕ್ಷರಪ್ಪ ಹೊಸಿಲ ಮೇಲೆ ಕೂತುಬಿಟ್ಟ. ಅಖೀಲ್ ಬಂದದ್ದು ತನ್ನ ಹೊರೆ ಇಳಿಸಿಕೊಳ್ಳೋಕೆ. ಅದು ಇಳಿಯಲಿಲ್ಲ, ಜೊತೆಗೆ ಮುದುಕನ ತಲೆ ಮೇಲೂ ಒಂದು ಹೊರಿಸಿದ ಹಾಗಾಯಿತು.