ಹೀರಾಬಾಯಿಗೆ ಹೇಳದೆ ಬಿಟ್ಟ ಮಾತು

ಜೇವರ್ಗಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಅನುಜಾ ಫಿಜಿಯೋಥೆರಪಿಸ್ಟ್. ಕಾಲಿನ ಸ್ವಾಧೀನ ಕಳೆದುಕೊಂಡವರಿಗೆ ನಡೆದಾಡಿದ ಅನುಭವ ಕೊಡುವ ಪ್ರಯೋಗವೊಂದು ಅವಳ ಪಾಲಿಗೆ ಬಂದಿತ್ತು. ಕಣ್ಣಿಗೆ ವಿಆರ್ ಕನ್ನಡಕ, ಎರಡೂ ಮುಂಗೈಗೆ ಅದುರುವ ಪಟ್ಟಿ. ಕನ್ನಡಕದೊಳಗಿನ ದೃಶ್ಯದಲ್ಲಿ ಹೆಜ್ಜೆ ಬಿದ್ದಾಗಲೆಲ್ಲ ಪಟ್ಟಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಅದುರುತ್ತದೆ, ಹಿಮ್ಮಡಿ ಊರಿ ಬೆರಳು ಎತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ಮನಸ್ಸು ಅದನ್ನು ಕಾಲೆಂದೇ ನಂಬಿಬಿಡುತ್ತದೆ.

ಮಟಕಿ ಎಂಬ ಊರಿನ ಹೀರಾಬಾಯಿ ಮೂರು ವರ್ಷದ ಹಿಂದೆ ತೊಗರಿ ಚೀಲ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಳು. ಅಲ್ಲಿಯವರೆಗೆ ಇಪ್ಪತ್ತು ಎಕರೆ ಹೊಲವನ್ನು ತಾನೇ ಸುತ್ತಿ ನೋಡಿಕೊಂಡವಳು. ಪ್ರಯೋಗಕ್ಕೆ ಜನ ಸಿಗುವುದೇ ಕಷ್ಟವಾಗಿತ್ತು. ಅದಕ್ಕೇ ಅನುಜಾ, "ಅವ್ವಾರ, ನಿಮ್ಮನ್ನ ನಡಸ್ತೇನಿ ನೋಡ್ರಿ" ಅಂದುಬಿಟ್ಟಳು. ಕಾಲು ವಾಸಿಯಾಗುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಬರೆದಿತ್ತು. ಅಷ್ಟನ್ನು ಮಾತ್ರ ಓದಿ ಹೇಳಲಿಲ್ಲ.

ಮಟಕಿಗೇ ಹೋಗಿ ಆಕೆಯ ಹೊಲದ ದಾರಿಯನ್ನು ಚಿತ್ರೀಕರಿಸಿ ತಂದಿದ್ದಳು. ಕನ್ನಡಕ ಹಾಕಿದ ಹತ್ತು ನಿಮಿಷಕ್ಕೆ ಹೀರಾಬಾಯಿ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು.

"ಶಾಂಭವೀ, ಎರಿ ಮಣ್ಣು ಬಿರಕ ಬಿಟ್ಟದ ಬೇ. ಕಾಲಾಗ ಚುಚ್ಚಾಕತ್ತದ!"

ಪಕ್ಕದಲ್ಲಿದ್ದ ಸೊಸೆ ಶಾಂಭವಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅನುಜಾಳಿಗೂ ಕಣ್ಣು ತುಂಬಿತು. ಅಂದು ಅವಳು ಹಿಗ್ಗಿನಿಂದ ವರದಿ ಬರೆದಳು.

ಐದು ಸಲ ನಡೆಸಿದ ಮೇಲೆ ಒಂದು ಬೆಳಿಗ್ಗೆ ಶಾಂಭವಿಯ ಫೋನ್ ಬಂತು.

"ಅತ್ತಿ ಮಂಚದ ಮ್ಯಾಲಿಂದ ಎದ್ದು ನಿಲ್ಲಾಕ ಹೋಗಿ ಬಿದ್ದಾರ್ರಿ. ತೊಡಿ ಎಲುಬು ಮುರದದ. ನೋವೇ ಗೊತ್ತಾಗಿಲ್ಲ ಅವರಿಗಿ. ತೊಡಿ ಬಾತ ಮ್ಯಾಲೆ ನಾವು ನೋಡೀವಿ."

ಮಟಕಿಗೆ ಹೋದಾಗ ಹೀರಾಬಾಯಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಅನುಜಾ ಕೂರಲಿಲ್ಲ.

"ತಪ್ಪು ನಂದ್ರಿ ಅವ್ವಾರ."

"ಅದಿರಲಿ, ಡಾಕ್ಟರಬಾಯಿ. ಒಂದು ಮಾತು ಖರೇ ಹೇಳ್ರಿ. ನನ್ನ ಕಾಲು ಬರ್ತಾವೋ ಇಲ್ಲೋ?"

ಶಾಂಭವಿ ಬೇಡವೆಂದು ಕಣ್ಸನ್ನೆ ಮಾಡಿದಳು. ಅನುಜಾ ಅತ್ತ ನೋಡಲಿಲ್ಲ.

"ಬರಂಗಿಲ್ರಿ."

"ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ರಿ. ಹೇಳಿದ್ರ ನೀವು ಬರಂಗಿಲ್ಲ ಅಂತ ಅಂಜಿದ್ದೆ."

ಬೈಗುಳಕ್ಕೆ ಅನುಜಾ ಸಿದ್ಧಳಾಗಿದ್ದಳು. ಅದು ಬರಲಿಲ್ಲ.

"ಮೂರು ವರ್ಷ ಎಲ್ಲಾರೂ 'ಬರ್ತಾವ, ಬರ್ತಾವ' ಅಂದ್ರು. ನೀವೂ ಅವರಾಗ ಒಬ್ಬರಾದ್ರಿ. ಈಗ ಹೋಗ್ರಿ," ಎಂದು ಹೀರಾಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಪ್ರಯೋಗ ನಡೆಸುವವರಿಗೆ ಅನುಜಾ ನಡೆದದ್ದೆಲ್ಲ ಬರೆದು ಕಳಿಸಿದಳು, ತಾನು ಮುಚ್ಚಿಟ್ಟದ್ದನ್ನೂ ಸೇರಿಸಿ. ಪ್ರಯೋಗ ನಿಂತಿತು. ಆಮೇಲೆ ಯಾರನ್ನು ಮುಟ್ಟಿ ವ್ಯಾಯಾಮ ಮಾಡಿಸಲು ಹೋದರೂ ಅವಳ ಕೈ ಒಂದು ಕ್ಷಣ ಹಿಂಜರಿಯುತ್ತಿತ್ತು.

ಎರಡು ತಿಂಗಳ ಮೇಲೆ ಶಾಂಭವಿ ಮತ್ತೆ ಫೋನ್ ಮಾಡಿದಳು. ಕಾಲು ಬರುತ್ತವೆಂಬ ಆಸೆಯಲ್ಲಿ ಅತ್ತೆ ಇಷ್ಟು ದಿನ ಗಾಲಿಕುರ್ಚಿಯನ್ನು ಮನೆಯೊಳಗೆ ತರಲು ಬಿಟ್ಟಿರಲಿಲ್ಲವಂತೆ.

"ಈಗ ತಾವೇ ಕೇಳಾಕತ್ತಾರ್ರಿ. ಹೊಲದ ದಾರ್‍ಯಾಗ ಓಡುವಂಥಾದ್ದು ಎಲ್ಲಿ ಸಿಗ್ತದ ಅಂತ ನಿಮ್ಮನ್ನೇ ಕೇಳು ಅಂದ್ರು."

"ಅವ್ವಾರು ನನ್ನ ಕೂಡ ಮಾತಾಡ್ತಾರೇನ್ರಿ?" ಅನುಜಾ ಕೇಳಿದಳು.

ಫೋನಿನ ಆಚೆ ಏನೋ ಪಿಸುಮಾತು. ಬಳಿಕ ಶಾಂಭವಿಯೇ ಅಂದಳು, "ಈಗ ಬ್ಯಾಡ ಅಂತಾರ್ರಿ."